ಎಂಟು ಚಾನೆಲ್ ಸಾಕೇ, ಹದಿನಾರು ಬೇಕೇ? ಸ್ತನದ ಎಂಆರ್‌ಐ ಕಾಯಿಲ್ ವಿನ್ಯಾಸ

ಪ್ರಶ್ನೆ: ನಾವು ಬಯೋಮೆಡಿಕಲ್ ಎಂಜಿನಿಯರಿಂಗ್ ಎಂ.ಟೆಕ್. ವಿದ್ಯಾರ್ಥಿಗಳು. 1.5 ಟೆಸ್ಲಾ ಎಂಆರ್‌ಐ ಸ್ಕ್ಯಾನರ್‌ಗೆ ಹೊಂದುವ, ಎರಡೂ ಸ್ತನಗಳನ್ನು ಒಟ್ಟಿಗೆ ಪರೀಕ್ಷಿಸಬಲ್ಲ ರಿಸೀವ್ ಕಾಯಿಲ್ (ಮೈಯಿಂದ ಬರುವ ಸಂಕೇತವನ್ನು ಹಿಡಿಯುವ ಆಂಟೆನಾ) ಒಂದನ್ನು ವಿನ್ಯಾಸ ಮಾಡಬೇಕೆಂದಿದ್ದೇವೆ. ಮಾರುಕಟ್ಟೆಯಲ್ಲಿ 16 ಚಾನೆಲ್‌ನವು, ಅಂದರೆ ಸಂಕೇತ ಹಿಡಿಯುವ 16 ತಾಮ್ರದ ಲೂಪ್‌ಗಳಿರುವವು, ಇವೆ. ನಾವೂ 16ರಿಂದಲೇ ಶುರು ಮಾಡಿದರೆ ಚಿತ್ರ ಹೆಚ್ಚು ಚೆನ್ನಾಗಿ ಬರುತ್ತದೆಯೇ? ಯಾವುದರಿಂದ ಆರಂಭಿಸಬೇಕು, ಎಲ್ಲೆಲ್ಲಿ ಎಡವುವ ಸಾಧ್ಯತೆ ಇದೆ?

ಉತ್ತರ: ಎಂಟರಿಂದ ಶುರು ಮಾಡಿ. 1.5 ಟೆಸ್ಲಾದಲ್ಲಿ ಹದಿನಾರು ಚಾನೆಲ್‌ಗಳಿಂದ ಸಿಗುವ ಲಾಭ ನೀವು ಅಂದುಕೊಂಡಷ್ಟಿಲ್ಲ. ಅದರ ಲೆಕ್ಕವನ್ನು ಮುಂದೆ ಕೊಡುತ್ತೇನೆ. ಆದರೆ ಲೂಪ್‌ಗಳಿಗೆ ಕೈಹಾಕುವ ಮುನ್ನ ಅವನ್ನು ಹೊರುವ, ಹೆಂಗಸು ಮಲಗುವ ಹಾಸಿನ ವಿನ್ಯಾಸ ಮುಗಿಯಬೇಕು. ಹಾಸನ್ನು ಕೊನೆಗೆ ಬಿಟ್ಟರೆ ಸರ್ಕಿಟ್‌ಗೆ ತಕ್ಕಂತೆ ಹೆಂಗಸಿನ ಮೈ ಬಗ್ಗಿಸಬೇಕಾಗುತ್ತದೆ, ಮೈ ಹಾಗೆ ಬಗ್ಗುವುದಿಲ್ಲ.

ಇದು ಯಾಕೆ ಇಷ್ಟು ಮುಖ್ಯ ಎಂದರೆ, ಈ ಪರೀಕ್ಷೆ ನಿಂತಿರುವುದೇ ಕಳೆಯುವ ಲೆಕ್ಕದ ಮೇಲೆ. ಮೊದಲು ಒಂದು ಸುತ್ತು ಚಿತ್ರ ತೆಗೆಯುತ್ತಾರೆ. ಆಮೇಲೆ ತೋಳಿನ ರಕ್ತನಾಳಕ್ಕೆ ದೇಹತೂಕದ ಕೆ.ಜಿ.ಗೆ 0.1 ಮಿಲಿಮೋಲ್‌ನಂತೆ ಚಿತ್ರದಲ್ಲಿ ಬೆಳಗುವ ಗ್ಯಾಡೊಲಿನಿಯಂ ಔಷಧವನ್ನು ಸೆಕೆಂಡಿಗೆ ಸುಮಾರು 2 ಮಿ.ಲೀ. ವೇಗದಲ್ಲಿ ಕೊಟ್ಟು, ಹಿಂದೆಯೇ 20 ಮಿ.ಲೀ. ಸಲೈನ್ ಹರಿಸಿ, ಒಂದರಿಂದ ಎರಡು ನಿಮಿಷಕ್ಕೊಂದರಂತೆ ಮತ್ತೆ ಹಲವು ಸುತ್ತು ತೆಗೆಯುತ್ತಾರೆ. ಕ್ಯಾನ್ಸರ್ ಗಡ್ಡೆಯ ಸುತ್ತ ಹೊಸದಾಗಿ ಹುಟ್ಟಿದ ರಕ್ತನಾಳಗಳು ಸೋರುವುದರಿಂದ ಅದು ಸಾಮಾನ್ಯವಾಗಿ ಮೊದಲ ಎರಡು ನಿಮಿಷಗಳಲ್ಲೇ ಬೆಳಗುತ್ತದೆ. ನಂತರದ ಚಿತ್ರದಿಂದ ಮೊದಲಿನದನ್ನು ಕಳೆದಾಗ ಉಳಿಯುವ ಬಿಳಿ ಚುಕ್ಕೆಯನ್ನೇ ರೇಡಿಯಾಲಜಿಸ್ಟ್ ಹುಡುಕುವುದು. ಎರಡು ಸುತ್ತುಗಳ ನಡುವೆ ಸ್ತನ 2 ಮಿ.ಮೀ. ಸರಿದರೂ ಸಾಕು, ಕೊಬ್ಬು ಮತ್ತು ಗ್ರಂಥಿಯ ನಡುವಿನ ಪ್ರತಿ ಅಂಚೂ ಸುಳ್ಳು ಬೆಳಕು ಕೊಡುತ್ತದೆ, 5 ಮಿ.ಮೀ. ಗಡ್ಡೆ ಅದರಲ್ಲಿ ಮುಚ್ಚಿಹೋಗುತ್ತದೆ. ಸಾಫ್ಟ್‌ವೇರ್ ಇದನ್ನು ಸ್ವಲ್ಪ ಸರಿಪಡಿಸಬಹುದು, ಪೂರ್ತಿ ಅಲ್ಲ. ಚಾನೆಲ್ ಎಷ್ಟಿದ್ದರೂ ಇದಕ್ಕೆ ಉಪಯೋಗವಿಲ್ಲ. ಆಕೆಯ ಎದೆಮೂಳೆ ನೋಯದೆ, ಭುಜ ಜೋಮು ಹಿಡಿಯದೆ ಅರ್ಧ ಗಂಟೆ ಅಲುಗಾಡದೆ ಮಲಗಲು ಆಗಬೇಕು, ಅಷ್ಟೆ.

ಅಂಗಾತ ಮಲಗಿದರೆ ಸ್ತನ ಎದೆಗೂಡಿನ ಮೇಲೆ ಚಪ್ಪಟೆಯಾಗಿ ಹರಡಿ ಪ್ರತಿ ಉಸಿರಿಗೂ ಏಳುತ್ತದೆ, ಇಳಿಯುತ್ತದೆ. ಬೋರಲು ಮಲಗಿದರೆ ಎದೆಗೂಡಿನ ಮುಂಭಾಗ ಹಾಸಿಗೆ ಒತ್ತಿ ನಿಲ್ಲುತ್ತದೆ, ಸ್ತನ ತನ್ನ ಭಾರಕ್ಕೆ ಕೆಳಕ್ಕೆ ಇಳಿದು ಎದೆಯ ಸ್ನಾಯುವಿನಿಂದ ದೂರವಾಗುತ್ತದೆ, ಲೂಪ್‌ಗಳು ಮೂರು ಕಡೆಯಿಂದ ಹತ್ತಿರ ಬರಬಹುದು. ಆದ್ದರಿಂದ ಎರಡು ತೂತುಗಳ ಹಾಸು. ಆರಂಭಕ್ಕೆ ಪ್ರತಿ ತೂತಿನ ಅಗಲ 16ರಿಂದ 17 ಸೆಂ.ಮೀ., ತಲೆಯಿಂದ ಕಾಲಿನ ದಿಕ್ಕಿಗೆ ಉದ್ದ 18 ಸೆಂ.ಮೀ., ನಡುವಿನ ಎದೆಮೂಳೆಯ ಸೇತುವೆ 4 ಸೆಂ.ಮೀ. ಎಂದು ಇಟ್ಟುಕೊಂಡು ಥರ್ಮೋಕೋಲ್‌ನಲ್ಲಿ ಮಾದರಿ ಕೊರೆಯಿರಿ. ಬೇರೆ ಬೇರೆ ಮೈಕಟ್ಟಿನ ಹೆಂಗಸರನ್ನು ಅದರ ಮೇಲೆ ಬಟ್ಟೆಯಲ್ಲೇ 20 ನಿಮಿಷ ಮಲಗಿಸಿ, ಎಲ್ಲಿ ಒತ್ತಿತು ಎಂದು ಕೇಳಿ ಬರೆದುಕೊಳ್ಳಿ. ಇದಕ್ಕೆ ಮ್ಯಾಗ್ನೆಟ್ ಬೇಡ, ಖರ್ಚೂ ಇಲ್ಲ. ಹೆಚ್ಚಿನ ದೂರು ಬರುವುದು ಮೂರು ಜಾಗಗಳಿಂದ: ಎದೆಮೂಳೆ, ಪಕ್ಕೆಲುಬಿನ ಕೆಳ ಅಂಚು, ಮುಂದಕ್ಕೆ ಚಾಚಿದ ತೋಳಿನ ಭುಜ. ಸೇತುವೆಯ ಮೇಲೆ ಮೆತ್ತೆ ದಪ್ಪ ಇರಲಿ. ಹೊಟ್ಟೆಯ ಕಡೆ ಹಾಸು ಇಳಿಜಾರಾಗಿ ತಗ್ಗಲಿ. ಹಣೆ ಊರಲು ಮುಖಕ್ಕೆ ತೆರವಿರುವ ದಿಂಬು, ಅದರ ಕೆಳಗೆ ಹೊರಗಿನದು ಕಾಣುವಂತೆ ಕನ್ನಡಿ ಇರಲಿ.

ಎತ್ತರದ ಲೆಕ್ಕವನ್ನು ಮೊದಲ ದಿನವೇ ಮಾಡಿ. ಸುರಂಗದ ವ್ಯಾಸ 60 ಸೆಂ.ಮೀ. ಎಂದ ಮಾತ್ರಕ್ಕೆ ಅಷ್ಟೂ ಸಿಗುವುದಿಲ್ಲ. ಮಂಚದ ಮೇಲ್ಮೈಯಿಂದ ಛಾವಣಿಗೆ ಸಾಮಾನ್ಯವಾಗಿ 40ರಿಂದ 45 ಸೆಂ.ಮೀ. ಉಳಿಯುತ್ತದೆ, ನಿಮ್ಮ ಸ್ಕ್ಯಾನರ್‌ನಲ್ಲಿ ಅಳತೆಪಟ್ಟಿ ಹಿಡಿದೇ ನೋಡಿಕೊಳ್ಳಿ. ಹಾಸು 18 ಸೆಂ.ಮೀ. ಎತ್ತರವಾದರೆ, ಎದೆಯಿಂದ ಬೆನ್ನಿಗೆ 25 ಸೆಂ.ಮೀ. ಇರುವ ಹೆಂಗಸಿನ ಬೆನ್ನು ಛಾವಣಿಗೆ ತಾಗುವ ಹಂತಕ್ಕೆ ಬಂತು. ಹಾಸನ್ನು ತಗ್ಗಿಸಿದರೆ ದೊಡ್ಡ ಸ್ತನ ತಳಕ್ಕೆ ತಾಗಿ ಮಡಚಿಕೊಳ್ಳುತ್ತದೆ. ಈ ಜಗ್ಗಾಟದಲ್ಲಿ ತಳದ ಲೂಪನ್ನು ತೆಳು ಹಾಳೆಯಾಗಿ ಮಾಡಿ ಮಂಚಕ್ಕೆ ಆದಷ್ಟು ಹತ್ತಿರ ಇಡುವುದೇ ಒಳ್ಳೆಯ ದಾರಿ. ಪ್ರಿಆಂಪ್ (ಸಂಕೇತವನ್ನು ಮೊದಲು ವರ್ಧಿಸುವ ಸರ್ಕಿಟ್) ಪೆಟ್ಟಿಗೆಯನ್ನು ಸ್ತನದ ಕೆಳಗೆ ತುರುಕದೆ ತಲೆಯ ಕಡೆಗೋ ಹೊಟ್ಟೆಯ ಇಳಿಜಾರಿನ ಕೆಳಗೋ ಸಾಗಿಸಿ.

ಸ್ತನವನ್ನು ಪಕ್ಕದಿಂದ ಹಿಡಿಯುವ ತಟ್ಟೆಗಳು ಬೇಕು, ಆದರೆ ಅದು ಮ್ಯಾಮೋಗ್ರಾಂನ ಒತ್ತುವಿಕೆ ಆಗಬಾರದು. ಹೆಚ್ಚು ಒತ್ತಿದರೆ ರಕ್ತದ ಹರಿವು ಕುಗ್ಗಿ, ಬೆಳಗಬೇಕಾದ ಗಡ್ಡೆ ಬೆಳಗದೆ ಉಳಿಯಬಹುದು. ಅಲುಗದಂತೆ ಮುಟ್ಟಿ ಹಿಡಿದರೆ ಸಾಕು. ಹೊರಗಡೆಯ ತಟ್ಟೆಯನ್ನು ಕಳಚುವಂತೆ ಮಾಡಿ: ಮುಂದೆ ಬಯಾಪ್ಸಿ ಮಾಡಬೇಕಾದರೆ ಅದೇ ಜಾಗದಲ್ಲಿ ಚೌಕ ಕಿಂಡಿಗಳ ಜಾಲರಿ ಕೂರಿಸಬೇಕಾಗುತ್ತದೆ. ಹೊರಬದಿಯ ಲೂಪಿನ ತಾಮ್ರವೂ ಸೂಜಿಯ ದಾರಿಗೆ ಅಡ್ಡ ಬರದಂತೆ ಸುತ್ತು ಹಾಕಲಿ. ಬಯಾಪ್ಸಿಯನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಬಿಟ್ಟರೆ ಇಡೀ ಪಕ್ಕದ ಗೋಡೆಯನ್ನು ಮತ್ತೆ ವಿನ್ಯಾಸ ಮಾಡಬೇಕಾಗುತ್ತದೆ.

ಇನ್ನು ಲೂಪ್‌ಗಳು. ಸುರಂಗದ ಆಯಸ್ಕಾಂತ ಕ್ಷೇತ್ರ ತಲೆಯಿಂದ ಕಾಲಿನ ದಿಕ್ಕಿಗೆ ಇರುತ್ತದೆ, ಸಂಕೇತ ಅದಕ್ಕೆ ಅಡ್ಡಲಾದ ದಿಕ್ಕುಗಳಲ್ಲಿ ಮಾತ್ರ ಸಿಗುತ್ತದೆ. ಆದ್ದರಿಂದ ತೂತಿನ ತಲೆಬದಿ ಗೋಡೆಯಲ್ಲೋ ಕಾಲುಬದಿ ಗೋಡೆಯಲ್ಲೋ ಇಟ್ಟ ಲೂಪ್ ಬಹುಮಟ್ಟಿಗೆ ದಂಡ. ಪ್ರತಿ ಬದಿಗೆ ನಾಲ್ಕು ಲೂಪ್‌ಗಳನ್ನು ಹೀಗೆ ಇಡಿ: ತೂತಿನ ಬಾಯಿಯ ಸುತ್ತ ಒಂದು ದೊಡ್ಡ ಉಂಗುರ, ಹೊರ ಪಕ್ಕದಲ್ಲಿ ಒಂದು, ಎದೆಮೂಳೆಯ ಪಕ್ಕದಲ್ಲಿ ಒಂದು, ತಳದಲ್ಲಿ ಒಂದು. ಬಾಯಿಯ ಉಂಗುರ ಮತ್ತು ತಳದ್ದು ಮೇಲೆ-ಕೆಳಗಿನ ದಿಕ್ಕಿನ ಸಂಕೇತವನ್ನೂ ಪಕ್ಕದ ಎರಡು ಅಡ್ಡ ದಿಕ್ಕಿನದನ್ನೂ ಹಿಡಿಯುತ್ತವೆ. ಹೊರಬದಿಯ ಲೂಪನ್ನು ಕಂಕುಳಿನ ಕಡೆಗೆ ಮೇಲಕ್ಕೆ ಎಳೆದು ಬಾಗಿಸಿ, ಯಾಕೆಂದರೆ ಸ್ತನದ ಅಂಗಾಂಶ ಕಂಕುಳಿನತ್ತ ಹೋಗುತ್ತದೆ, ದುಗ್ಧಗ್ರಂಥಿಗಳೂ ಅಲ್ಲೇ ಇವೆ. ತೂತಿನೊಳಗೆ ಇಳಿದ ಭಾಗ ಎಷ್ಟು ಚೆನ್ನಾಗಿ ಕಂಡರೂ ಎದೆಗೂಡಿಗೆ ಅಂಟಿದ ಭಾಗ ಮಂಕಾಗಿದ್ದರೆ ಆ ಕಾಯಿಲ್ ಸೋತಂತೆಯೇ.

ಒಂದು ಲೂಪಿನ ಲೆಕ್ಕ ನೋಡಿ. 10 ಸೆಂ.ಮೀ. ವ್ಯಾಸ, 2 ಮಿ.ಮೀ. ದಪ್ಪದ ತಾಮ್ರದ ತಂತಿ ಅಥವಾ ಸುಮಾರು 4 ಮಿ.ಮೀ. ಅಗಲದ ಪಟ್ಟಿ ಎಂದುಕೊಂಡರೆ ಇಂಡಕ್ಟೆನ್ಸ್ ಸುಮಾರು 250 ನ್ಯಾನೊಹೆನ್ರಿ. 1.5 ಟೆಸ್ಲಾದಲ್ಲಿ ಪ್ರೋಟಾನ್ ಆವರ್ತನ 63.87 ಮೆಗಾಹರ್ಟ್ಝ್, ಲೂಪನ್ನು ಅದಕ್ಕೆ ಟ್ಯೂನ್ ಮಾಡಲು ಒಟ್ಟು 25 ಪಿಕೊಫ್ಯಾರಡ್ ಕೆಪಾಸಿಟೆನ್ಸ್ ಬೇಕು. ಅದನ್ನು ಒಂದೇ ಕೆಪಾಸಿಟರ್‌ನಲ್ಲಿ ಕೊಡಬೇಡಿ. ಲೂಪನ್ನು ನಾಲ್ಕು ಕಡೆ ಕತ್ತರಿಸಿ ತಲಾ 100 ಪಿಕೊಫ್ಯಾರಡ್ ಇಡಿ, ಒಂದನ್ನು ಟ್ರಿಮ್ಮರ್ (ತಿರುಗಿಸಿ ಮೌಲ್ಯ ಬದಲಿಸುವ ಕೆಪಾಸಿಟರ್) ಜೊತೆಗೆ ಹೊಂದಿಸಿ. ಒಂದೇ ಕಡೆ ಇಟ್ಟರೆ ಅದರ ಎರಡು ತುದಿಗಳ ನಡುವೆ ವೋಲ್ಟೇಜ್ ಏರಿ, ಅಲ್ಲಿಂದ ಚರ್ಮಕ್ಕೆ ವಿದ್ಯುತ್ ಕ್ಷೇತ್ರ ಸೋರುತ್ತದೆ. ಇದನ್ನು ಗುರುತಿಸುವುದು ಸುಲಭ: ಫ್ಯಾಂಟಮ್ (ಮೈಯ ಬದಲು ಇಡುವ ಉಪ್ಪುನೀರಿನ ಬಾಟಲಿ) ಹತ್ತಿರ ತಂದಾಗ ಆವರ್ತನ ಗಮನಾರ್ಹವಾಗಿ ಕೆಳಕ್ಕೆ ಜಾರಿದರೆ ಸೋರುತ್ತಿದೆ ಎಂದರ್ಥ. ಇನ್ನೂ ಹೆಚ್ಚು ಕಡೆ ಕತ್ತರಿಸಿ, ಅಥವಾ ಮೆತ್ತೆಯ ದಪ್ಪ ಹೆಚ್ಚಿಸಿ. ಲೂಪಿಗೂ ಚರ್ಮಕ್ಕೂ ಕನಿಷ್ಠ ಒಂದು ಸೆಂ.ಮೀ. ಅಂತರ ಹೇಗೂ ಇರಲಿ.

ಈಗ ಹದಿನಾರರ ಪ್ರಶ್ನೆ. ಲೂಪಿಗೆ ಗದ್ದಲ (ಚಿತ್ರವನ್ನು ಕೆಡಿಸುವ ಬೇಡದ ಸಂಕೇತ) ಎರಡು ಕಡೆಯಿಂದ ಬರುತ್ತದೆ: ಮೈಯಿಂದ ಮತ್ತು ಲೂಪಿನದೇ ತಾಮ್ರದಿಂದ. ಮೈಯ ಗದ್ದಲವನ್ನು ತಪ್ಪಿಸಲಾಗದು, ಸಂಕೇತ ಬರುವುದೂ ಅಲ್ಲಿಂದಲೇ. ತಾಮ್ರದ ಗದ್ದಲ ಮಾತ್ರ ನಮ್ಮ ತಪ್ಪು. ಇದನ್ನು ಅಳೆಯುವುದು ಕ್ಯೂ ಮೌಲ್ಯದಿಂದ: ನಷ್ಟ ಕಡಿಮೆ ಇದ್ದಷ್ಟೂ ಕ್ಯೂ ಹೆಚ್ಚು. ಖಾಲಿ ಲೂಪಿನ ಕ್ಯೂ 250, ಲೋಡ್ (ಮೈ ಅಥವಾ ಫ್ಯಾಂಟಮ್) ಇಟ್ಟಾಗ 60 ಬಂದರೆ, ಒಂದರಿಂದ 60/250 ಅನ್ನು ಕಳೆದು ವರ್ಗಮೂಲ ತೆಗೆಯಿರಿ: 0.87. ತಾಮ್ರದಿಂದ ನಷ್ಟ ಶೇ. 13 ಮಾತ್ರ, ಒಳ್ಳೆಯದು. ಆದರೆ ಸ್ತನ ಬಹುಪಾಲು ಕೊಬ್ಬು, ಕೊಬ್ಬಿನ ವಿದ್ಯುತ್ ವಾಹಕತೆ ಸ್ನಾಯುವಿನದರ ಹತ್ತನೇ ಒಂದು ಭಾಗದಷ್ಟು. ಕೊಬ್ಬು ಹೆಚ್ಚಿರುವ ಸ್ತನದ ಪಕ್ಕದ ಲೂಪಿನ ಕ್ಯೂ 150ರ ಕೆಳಗೆ ಇಳಿಯಲಿಲ್ಲ ಎಂದುಕೊಳ್ಳಿ, ಆಗ ಉತ್ತರ 0.63. ಮೂರನೇ ಒಂದಕ್ಕಿಂತ ಹೆಚ್ಚು ತಾಮ್ರಕ್ಕೇ ಹೋಯಿತು.

ಹದಿನಾರು ಲೂಪ್‌ಗಳನ್ನು ಅದೇ ಜಾಗದಲ್ಲಿ ಕೂರಿಸಲು ವ್ಯಾಸವನ್ನು 7 ಸೆಂ.ಮೀ.ಗೆ ಇಳಿಸಬೇಕು. ಮೈಯಿಂದ ಬರುವ ರೋಧ ತ್ರಿಜ್ಯದ ಘನಕ್ಕೆ ತಕ್ಕಂತೆ ಇಳಿಯುತ್ತದೆ: ಅದು 0.34ಕ್ಕೆ ಬಂತು. ತಾಮ್ರದ ರೋಧ ತ್ರಿಜ್ಯಕ್ಕೆ ತಕ್ಕಂತೆ ಮಾತ್ರ ಇಳಿಯುತ್ತದೆ: 0.7. ಅಂದರೆ ಮೈಯದಕ್ಕೆ ಹೋಲಿಸಿದರೆ ತಾಮ್ರದ ರೋಧ ದುಪ್ಪಟ್ಟಾಯಿತು. ಚರ್ಮದ ಹತ್ತಿರ ಚಿತ್ರ ಹೊಳೆಯುತ್ತದೆ, ಆಳದಲ್ಲಿ, ಎದೆಗೂಡಿನ ಬಳಿ, ಏನೂ ಸುಧಾರಿಸುವುದಿಲ್ಲ. 3 ಟೆಸ್ಲಾದಲ್ಲಿ ಲೆಕ್ಕವೇ ಬೇರೆ: ಆವರ್ತನ ಇಮ್ಮಡಿಯಾದಾಗ ಮೈಯ ರೋಧ ನಾಲ್ಕು ಪಟ್ಟು, ತಾಮ್ರದ್ದು 1.4 ಪಟ್ಟು ಏರುತ್ತದೆ, ಆದ್ದರಿಂದ ಅಲ್ಲಿ ಸಣ್ಣ ಲೂಪ್‌ಗಳಿಗೆ ಅರ್ಥವಿದೆ. ಮಾರುಕಟ್ಟೆಯ ದೊಡ್ಡ ಸಂಖ್ಯೆ ನೋಡಿ 1.5ಕ್ಕೆ ನಕಲು ಮಾಡಬೇಡಿ ಎನ್ನುವುದು ಇದಕ್ಕೇ.

ಹೆಚ್ಚು ಚಾನೆಲ್‌ಗಳಿದ್ದರೆ ಸ್ಕ್ಯಾನ್ ವೇಗ ಹೆಚ್ಚುತ್ತದಲ್ಲ ಎಂದು ನೀವು ಕೇಳಬಹುದು. ನಿಜ, ಆದರೆ ಇಲ್ಲಿ ಒಂದು ಅನುಕೂಲ ಆಗಲೇ ಇದೆ. ಹೃದಯದ ಬಡಿತದ ನೆರಳು ಸ್ತನಗಳ ಮೇಲೆ ಬೀಳದಿರಲು ಅಡ್ಡ ಚಿತ್ರಗಳಲ್ಲಿ ಫೇಸ್ ಎನ್‌ಕೋಡಿಂಗ್ ಅನ್ನು (ಸಾಲು ಸಾಲಾಗಿ ಅಳೆಯುವ, ಚಲನೆಯ ನೆರಳು ಹರಡುವ ದಿಕ್ಕು) ಎಡ-ಬಲ ದಿಕ್ಕಿಗೆ ಇಡುತ್ತಾರೆ. ಎಡಗಡೆಯ ಲೂಪ್‌ಗಳಿಗೆ ಬಲ ಸ್ತನ ಬಹುತೇಕ ಕಾಣುವುದೇ ಇಲ್ಲವಾದ್ದರಿಂದ ಎಂಟು ಚಾನೆಲ್‌ನಲ್ಲೇ ಎರಡು ಪಟ್ಟು ವೇಗ ಸಲೀಸಾಗಿ ಸಿಗುತ್ತದೆ.

ಲೂಪ್‌ಗಳು ಒಂದರ ಸಂಕೇತವನ್ನು ಇನ್ನೊಂದು ಕದಿಯದಂತೆ ಮಾಡುವುದು ಮುಂದಿನ ಕೆಲಸ. 1990ರಲ್ಲಿ ಸಂಶೋಧಕ ರೋಮರ್ ಮತ್ತು ಸಂಗಡಿಗರು ತೋರಿಸಿದ ಎರಡು ಉಪಾಯಗಳೇ ಇಂದಿಗೂ ಆಧಾರ. ಒಂದು, ಅಕ್ಕಪಕ್ಕದ ದುಂಡು ಲೂಪ್‌ಗಳ ಕೇಂದ್ರಗಳ ಅಂತರವನ್ನು ವ್ಯಾಸದ ಸುಮಾರು ಮುಕ್ಕಾಲು ಪಾಲಿಗೆ ಇಟ್ಟು ಒಂದರ ಮೇಲೊಂದು ಹೊದಿಸುವುದು, 10 ಸೆಂ.ಮೀ. ಲೂಪಿಗೆ 7.5 ಸೆಂ.ಮೀ. ಇನ್ನೊಂದು, ಇನ್‌ಪುಟ್ ಇಂಪಿಡೆನ್ಸ್ 1ರಿಂದ 2 ಓಮ್ ಇರುವ ಪ್ರಿಆಂಪ್ ಬಳಸಿ ಲೂಪಿನಲ್ಲಿ ಕರೆಂಟ್ ಹರಿಯದಂತೆ ತಡೆಯುವುದು. ಹೊದಿಕೆಯಿಂದಲೇ ಎಸ್21 (ಒಂದು ಲೂಪಿನಿಂದ ಇನ್ನೊಂದಕ್ಕೆ ದಾಟುವ ಸಂಕೇತದ ಅಳತೆ) ಮೈನಸ್ 15 ಡೆಸಿಬೆಲ್‌ಗಿಂತ ಕೆಳಗೆ ಬರಬೇಕು, ಉಳಿದದ್ದು ಪ್ರಿಆಂಪ್ ನೋಡಿಕೊಳ್ಳುತ್ತದೆ. ನಿಮಗೆ ನಿಜವಾದ ತಲೆನೋವು ಎದೆಮೂಳೆಯ ಪಕ್ಕದ ಎರಡು ಲೂಪ್‌ಗಳು. ಅವು ಬೆನ್ನಿಗೆ ಬೆನ್ನು ಕೊಟ್ಟು 4 ಸೆಂ.ಮೀ. ಅಂತರದಲ್ಲಿ ನಿಂತಿರುತ್ತವೆ, ಹೊದಿಸಲು ಜಾಗವಿಲ್ಲ. ಅಲ್ಲಿ ಪ್ರತಿ ಲೂಪಿನಲ್ಲೂ ಒಂದು ಪುಟ್ಟ ಸುರುಳಿ ಸೇರಿಸಿ, ಎರಡನ್ನೂ ವಿರುದ್ಧ ದಿಕ್ಕಿಗೆ ಸುತ್ತಿ ಹತ್ತಿರ ಇಟ್ಟು ಜೋಡಣೆಯನ್ನು ರದ್ದು ಮಾಡಿ. ಇದನ್ನು ಮೊದಲು ಸರಿಮಾಡಿ, ಆಮೇಲೆ ಉಳಿದ ಲೂಪ್‌ಗಳಿಗೆ ಹೋಗಿ. ಉಲ್ಟಾ ಮಾಡಿದರೆ ಪ್ರತಿಯೊಂದನ್ನೂ ಎರಡೆರಡು ಸಲ ಟ್ಯೂನ್ ಮಾಡಬೇಕಾಗುತ್ತದೆ.

ಸುರಕ್ಷತೆಯ ವಿಷಯದಲ್ಲಿ ರಾಜಿ ಬೇಡ. ಸ್ಕ್ಯಾನರ್‌ನ ಬಾಡಿ ಕಾಯಿಲ್ (ಸುರಂಗದ ಗೋಡೆಯೊಳಗಿನ ಪ್ರಸರಣ ಕಾಯಿಲ್) ಕಿಲೋವ್ಯಾಟ್‌ಗಟ್ಟಲೆ ಶಕ್ತಿಯನ್ನು ಹಾಯಿಸುವಾಗ ನಿಮ್ಮ ಲೂಪ್ ಅದೇ ಆವರ್ತನಕ್ಕೆ ಟ್ಯೂನ್ ಆಗಿದ್ದರೆ ಅದರಲ್ಲಿ ಭಾರೀ ಕರೆಂಟ್ ಹರಿದು ಚರ್ಮ ಸುಡುತ್ತದೆ. ಆ ಕ್ಷಣದಲ್ಲಿ ಲೂಪಿನ ಟ್ಯೂನ್ ತಪ್ಪಿಹೋಗಬೇಕು. ಒಂದು 100 ಪಿಕೊಫ್ಯಾರಡ್ ಕೆಪಾಸಿಟರ್‌ಗೆ ಅಡ್ಡಲಾಗಿ 62 ನ್ಯಾನೊಹೆನ್ರಿ ಸುರುಳಿ ಮತ್ತು ಪಿನ್ ಡಯೋಡ್ (ಕರೆಂಟ್ ಕೊಟ್ಟಾಗ ಆನ್ ಆಗುವ ಸ್ವಿಚ್) ಇಡಿ. ಪ್ರಸರಣದ ವೇಳೆ ಸ್ಕ್ಯಾನರ್ ಡಯೋಡಿಗೆ ಸುಮಾರು 100 ಮಿಲಿಆಂಪಿಯರ್ ಕೊಟ್ಟಾಗ ಸುರುಳಿ ಮತ್ತು ಕೆಪಾಸಿಟರ್ ಸೇರಿ ಲೂಪಿನ ದಾರಿಯನ್ನು ಮುಚ್ಚುತ್ತವೆ. ಡಯೋಡ್ ಆನ್ ಮತ್ತು ಆಫ್ ನಡುವೆ ಕನಿಷ್ಠ 30 ಡೆಸಿಬೆಲ್ ವ್ಯತ್ಯಾಸ ಬರದಿದ್ದರೆ ಆ ಲೂಪನ್ನು ಸ್ಕ್ಯಾನರ್‌ಗೆ ಒಯ್ಯಬೇಡಿ. ಬಯಾಸ್ ತಂತಿ (ಡಯೋಡಿಗೆ ಆ ಕರೆಂಟ್ ತರುವ ತಂತಿ) ಕಡಿದರೆ ಇದು ಕೆಲಸ ಮಾಡುವುದಿಲ್ಲ. ಅದಕ್ಕಾಗಿ ಪ್ರತಿ ಲೂಪಿನಲ್ಲೂ ಎದುರುಬದುರು ಜೋಡಿಸಿದ ಡಯೋಡ್‌ಗಳ ಎರಡನೇ ತಡೆ, ಅದೂ ಸೋತರೆ ಹಾರಿಹೋಗುವ ಫ್ಯೂಸ್, ಎರಡೂ ಬೇಕು. ಪ್ಲಗ್ ಹಾಕದ ಕಾಯಿಲನ್ನು ಸುರಂಗದೊಳಗೆ ಬಿಡಬಾರದು ಎಂಬ ಎಚ್ಚರಿಕೆಯನ್ನು ಪೆಟ್ಟಿಗೆಯ ಮೇಲೆಯೇ ಕನ್ನಡದಲ್ಲೂ ಬರೆಯಿರಿ, ನಮ್ಮ ಆಸ್ಪತ್ರೆಗಳ ತಂತ್ರಜ್ಞರ ಕಣ್ಣಿಗೆ ಬೀಳುವಂತೆ.

ಕೇಬಲ್ ಕೂಡ ಸುಡಬಲ್ಲದು. ಅದರ ಹೊರಕವಚದ ಮೇಲೆ ಹರಿಯುವ ಕರೆಂಟನ್ನು ತಡೆಯಲು, ಕೋಆಕ್ಸಿಯಲ್ ಕೇಬಲನ್ನು ಕೆಲವು ಸುತ್ತು ಸುತ್ತಿ, ಕವಚಕ್ಕೆ ಕೆಪಾಸಿಟರ್ ಬೆಸೆದು 63.87 ಮೆಗಾಹರ್ಟ್ಝ್‌ಗೆ ಟ್ಯೂನ್ ಮಾಡಿದ ಕೇಬಲ್ ಟ್ರ್ಯಾಪ್‌ಗಳನ್ನು 40-50 ಸೆಂ.ಮೀ.ಗೊಂದರಂತೆ ಇಡಿ. ಟ್ರ್ಯಾಪ್ ಬಿಟ್ಟು ಬೇರೆಲ್ಲೂ ಕೇಬಲ್ ಸುತ್ತಿಕೊಳ್ಳಬಾರದು, ಮೈಗೆ ತಾಗಬಾರದು.

ಬಿಡಿಭಾಗ ಕೊಳ್ಳುವಾಗ ಮೋಸ ಹೋಗುವುದು ಸುಲಭ. ಸಾಮಾನ್ಯ ಆರ್‌ಜಿ-316 ಕೇಬಲಿನ ಒಳತಂತಿ ತಾಮ್ರ ಹೊದಿಸಿದ ಉಕ್ಕು, ಆದ್ದರಿಂದ ಆಯಸ್ಕಾಂತೀಯವಲ್ಲದ ಬಗೆಯನ್ನೇ ಕೇಳಿ ತರಿಸಿ. ಸಾಮಾನ್ಯ ಚಿಪ್ ಕೆಪಾಸಿಟರ್‌ಗಳ ತುದಿಯಲ್ಲಿ ನಿಕಲ್ ಪದರ ಇರುತ್ತದೆ, ಅದೂ ಆಯಸ್ಕಾಂತೀಯ. ಬಯಾಸ್ ದಾರಿಯಲ್ಲಿ ಸಂಕೇತ ಸೋರದಂತೆ ತಡೆಯುವ ಚೋಕ್ ಸುರುಳಿಯೊಳಗೆ ಫೆರೈಟ್ ಇದ್ದರೆ ಅದು ಮ್ಯಾಗ್ನೆಟ್ಟಿನೊಳಗೆ ಚೋಕ್ ಆಗಿ ಉಳಿಯುವುದಿಲ್ಲ. ಗಾಳಿ ಸುರುಳಿಯನ್ನೇ ಬಳಸಿ. ಹಿತ್ತಾಳೆ ಸ್ಕ್ರೂಗಳಲ್ಲೂ ಕಬ್ಬಿಣ ಬೆರೆತಿರಬಹುದು. ದಾರಕ್ಕೆ ಕಟ್ಟಿದ ನಿಯೋಡೈಮಿಯಂ ಆಯಸ್ಕಾಂತದ ಮುಂದೆ ಪ್ರತಿಯೊಂದು ತುಂಡನ್ನೂ ಹಿಡಿದು ನೋಡಿ, ದಾರ ಅಲುಗಿದರೆ ಬಿಸಾಡಿ. ಇದು ಅತಿ ಎಚ್ಚರಿಕೆ ಅನ್ನಿಸಬಹುದು. ಆದರೆ 1.5 ಟೆಸ್ಲಾದಲ್ಲಿ ನೀರು ಮತ್ತು ಕೊಬ್ಬಿನ ಆವರ್ತನಗಳ ನಡುವಿನ ಅಂತರ ಕೇವಲ 220 ಹರ್ಟ್ಝ್, ಅಂದರೆ ಹತ್ತು ಲಕ್ಷಕ್ಕೆ 3.5 ಭಾಗ. ಗ್ಯಾಡೊಲಿನಿಯಂನಿಂದ ಬೆಳಗಿದ ಗಡ್ಡೆ ಕೊಬ್ಬಿನಷ್ಟೇ ಬಿಳಿಯಾಗಿ ಕಾಣುವುದರಿಂದ ಕೊಬ್ಬಿನ ಸಂಕೇತವನ್ನು ಅಡಗಿಸಬೇಕು, ಅದಕ್ಕೆ ಈ ಸಣ್ಣ ಅಂತರವೇ ಆಧಾರ. ಎರಡು ಸ್ತನಗಳ ನಡುವಿನ ಗಾಳಿಯಿಂದಲೇ ಕ್ಷೇತ್ರ ಆಗಲೇ ಏರುಪೇರಾಗಿರುತ್ತದೆ. ಅದರ ಮೇಲೆ ನಿಮ್ಮ ನಿಕಲ್ ಸೇರಿದರೆ ಕೊಬ್ಬು ಅಡಗುವ ಬದಲು ನೀರು ಅಡಗಬಹುದು, ಗಡ್ಡೆಯೂ ಜೊತೆಗೆ. ಪ್ರಿಆಂಪ್ ಕವಚದ ದೊಡ್ಡ ತಾಮ್ರದ ಹಾಳೆಗಳನ್ನೂ ಸೀಳಿ ಇಡಿ, ಇಲ್ಲದಿದ್ದರೆ ಸ್ಕ್ಯಾನರ್‌ನ ಗ್ರೇಡಿಯೆಂಟ್‌ನಿಂದ (ವೇಗವಾಗಿ ಬದಲಾಗುವ ಆಯಸ್ಕಾಂತ ಕ್ಷೇತ್ರ) ಸುಳಿಗರೆಂಟ್ ಹುಟ್ಟುತ್ತದೆ.

ಹೊರಕವಚಕ್ಕೆ ಪಾಲಿಕಾರ್ಬೊನೇಟ್ ಬಳಸುವುದಾದರೆ, ಆಸ್ಪತ್ರೆಯಲ್ಲಿ ಒರೆಸುವ ಸೋಂಕುನಿವಾರಕ ದ್ರವದಿಂದ ತಿಂಗಳುಗಟ್ಟಲೆ ಒರೆಸಿ ನೋಡಿ. ಒತ್ತಡ ಇರುವ ಮೂಲೆಗಳಲ್ಲಿ, ಸ್ಕ್ರೂ ತೂತುಗಳ ಸುತ್ತ, ಕೂದಲೆಳೆ ಬಿರುಕು ಬಿಡುವುದು ಅಲ್ಲೇ. ಮೆತ್ತೆ ನೀರು ಹೀರದ ಫೋಮ್ ಆಗಿರಲಿ, ಹೊಲಿಗೆ ಮೇಲ್ಮೈಗೆ ಬಾರದಿರಲಿ.

ಪರೀಕ್ಷೆಗೆ ಫ್ಯಾಂಟಮ್: ಒಂದು ಕೆ.ಜಿ. ಡಿಸ್ಟಿಲ್ಡ್ ನೀರಿಗೆ 3.75 ಗ್ರಾಂ ನಿಕಲ್ ಸಲ್ಫೇಟ್ ಹೆಕ್ಸಾಹೈಡ್ರೇಟ್, 5 ಗ್ರಾಂ ಉಪ್ಪು. ಕೈಗವಸು ಹಾಕಿಕೊಂಡೇ ಕಲಸಿ, ಚರಂಡಿಗೆ ಚೆಲ್ಲಬೇಡಿ. ತೂತುಗಳಲ್ಲಿ ಇಳಿಬೀಳುವ ಎರಡು ಬಾಟಲಿ ಮಾತ್ರ ಸಾಲದು. ಮೇಲೆ ಎದೆಗೂಡಿನ ಜಾಗದಲ್ಲಿ ಒಂದು ಚಪ್ಪಟೆ ಕ್ಯಾನ್ ಇರಲೇಬೇಕು, ಇಲ್ಲದಿದ್ದರೆ ಬಾಯಿಯ ಉಂಗುರದ ಲೋಡ್ ಸುಳ್ಳಾಗುತ್ತದೆ. ಕೊಬ್ಬು ಅಡಗಿಸುವ ಪರೀಕ್ಷೆಗೆ ಎಣ್ಣೆ ಬಾಟಲಿ ಬೇಕು. ಕೊಬ್ಬರಿ ಎಣ್ಣೆ ಬೇಡ: ಸ್ಕ್ಯಾನ್ ಕೋಣೆ 20-22 ಡಿಗ್ರಿಯಲ್ಲಿರುತ್ತದೆ, ಅದು ಹೆಪ್ಪುಗಟ್ಟಿ ಸಂಕೇತ ಕಳೆದುಕೊಳ್ಳುತ್ತದೆ. ಕಡಲೆಕಾಯಿ ಎಣ್ಣೆ ಸರಿ.

ಮೊದಲು ಬೆಂಚಿನ ಮೇಲೆ ನೆಟ್‌ವರ್ಕ್ ಅನಲೈಸರ್‌ನಿಂದ ಪ್ರತಿ ಲೂಪಿನ ಕ್ಯೂ, ಎಸ್21, ಡಯೋಡ್ ತಡೆ. ಸ್ಕ್ಯಾನರ್‌ನಲ್ಲಿ ಮೊದಲ ದಿನ ಚಿತ್ರಕ್ಕೆ ಆತುರ ಬೇಡ: ಬಾಡಿ ಕಾಯಿಲ್‌ನಿಂದಲೇ ಬಿ1 ನಕ್ಷೆಯನ್ನು (ಪ್ರಸರಣದ ಕ್ಷೇತ್ರ ಎಲ್ಲಿ ಎಷ್ಟಿದೆ ಎಂಬುದರ ಚಿತ್ರ) ನಿಮ್ಮ ಕಾಯಿಲ್ ಇಲ್ಲದೆ ಒಮ್ಮೆ, ಇಟ್ಟು ಒಮ್ಮೆ ತೆಗೆಯಿರಿ. ಎರಡರಲ್ಲಿ ವ್ಯತ್ಯಾಸ ಕಂಡ ಜಾಗದ ಲೂಪ್ ಸರಿಯಾಗಿ ನಿಷ್ಕ್ರಿಯವಾಗುತ್ತಿಲ್ಲ. ಆಮೇಲೆ ಅತಿ ಹೆಚ್ಚು ಶಕ್ತಿಯ ಸೀಕ್ವೆನ್ಸ್ ಅನ್ನು ಕಾಲು ಗಂಟೆಗೂ ಮೀರಿ ಓಡಿಸಿ ಫೈಬರ್ ಆಪ್ಟಿಕ್ ಥರ್ಮಾಮೀಟರ್‌ನಿಂದ ಕವಚದ ತಾಪ ಅಳೆಯಿರಿ. ಮೈಗೆ ತಾಗುವ ಮೇಲ್ಮೈ 41 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಪ್ಲಗ್ ಕಿತ್ತ ಸ್ಥಿತಿಯಲ್ಲೂ ಇದನ್ನೇ ಮಾಡಿ. ಇಷ್ಟಾದ ಮೇಲೆಯೇ ಸಂಕೇತ ಮತ್ತು ಗದ್ದಲದ ಅನುಪಾತ, ಚಾನೆಲ್‌ಗಳ ನಡುವಿನ ಗದ್ದಲದ ಸಂಬಂಧ.

ಮನುಷ್ಯರ ಮೇಲೆ ಪರೀಕ್ಷೆ ನಿಮ್ಮ ಯೋಜನೆಯ ಪರಿಧಿಯಲ್ಲಿ ಬೇಡ. ಅದಕ್ಕೆ ವೈದ್ಯಕೀಯ ವಿದ್ಯುತ್ ಸಾಧನಗಳ ಅಂತರರಾಷ್ಟ್ರೀಯ ಮಾನದಂಡಗಳಾದ ಐಇಸಿ 60601-1 ಮತ್ತು 60601-2-33ರ ಪರೀಕ್ಷೆಗಳು, ಐಎಸ್‌ಒ 14971ರಂತೆ ಅಪಾಯಗಳ ವಿಶ್ಲೇಷಣೆ, ಚರ್ಮಕ್ಕೆ ತಾಗುವ ವಸ್ತುಗಳಿಗೆ ಐಎಸ್‌ಒ 10993, ಎಥಿಕ್ಸ್ ಸಮಿತಿಯ ಒಪ್ಪಿಗೆ, 2017ರ ವೈದ್ಯಕೀಯ ಸಾಧನಗಳ ನಿಯಮಗಳ ಪ್ರಕಾರ ಅನುಮತಿ ಎಲ್ಲವೂ ಬೇಕು. ಅದಕ್ಕೂ ಮೊದಲೇ ಒಂದು ಗೋಡೆ ಎದುರಾಗುತ್ತದೆ: ಸ್ಕ್ಯಾನರ್‌ನ ಪ್ಲಗ್, ಬಯಾಸ್ ವೋಲ್ಟೇಜ್, ಕಾಯಿಲನ್ನು ಗುರುತಿಸುವ ಫೈಲ್ ಎಲ್ಲವೂ ತಯಾರಕರ ಸ್ವಂತದ್ದು, ಅವರ ಒಪ್ಪಿಗೆ ಇಲ್ಲದೆ ನಿಮ್ಮ ಕಾಯಿಲ್ ಜೋಡಿಸಲಾಗದು. ಜಿಇ, ಸೀಮೆನ್ಸ್, ಫಿಲಿಪ್ಸ್ ಮೂವರ ಎಂಜಿನಿಯರಿಂಗ್ ಕೇಂದ್ರಗಳೂ ಬೆಂಗಳೂರಿನಲ್ಲಿವೆ. ನಿಮ್ಮ ಕಾಲೇಜಿನ ಮೂಲಕ ಸಂಶೋಧನಾ ಒಪ್ಪಂದಕ್ಕೆ ಈಗಲೇ ಪತ್ರ ಬರೆಯಿರಿ. ಉತ್ತರ ಬರುವ ಹೊತ್ತಿಗೆ ಹಾಸಿನ ಮಾದರಿ ಮತ್ತು ಒಂದು ಬದಿಯ ನಾಲ್ಕು ಲೂಪ್‌ಗಳು ಬೆಂಚಿನ ಮೇಲೆ ಸಿದ್ಧವಿರಲಿ. ಆ ನಾಲ್ಕರ ಖಾಲಿ ಮತ್ತು ಲೋಡ್ ಕ್ಯೂ ಅಳತೆಗಳನ್ನು ಕಳಿಸಿದರೆ, ತಂತಿಯ ದಪ್ಪ ಹೆಚ್ಚಿಸಬೇಕೋ ಲೂಪನ್ನು ದೊಡ್ಡದು ಮಾಡಬೇಕೋ ಎಂದು ಲೆಕ್ಕ ಹಾಕಿ ಹೇಳಬಹುದು.